ಸೂರ್ಯನಾರಾಯಣರ ಇಂಜಿನ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ಸುಶೀಲಾ ಹೇಳುತ್ತಾಳೆ. ಅದು ಸುಳ್ಳು. ಮೂಗಿನ ತುದಿಯ ತನಕ ಬರುವಷ್ಟು ತಾಳ್ಮೆಯೂ ಅದಕ್ಕಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ತಪ್ಪೆಲ್ಲ ನನ್ನದೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನನ್ನ ಹೆಸರು ಏಕನಾಥ. ಊರು ಗದಗಿನ ಕಡೆ. ದಿಲ್ಲಿ ಪಕ್ಕದ ಫರೀದಾಬಾದಿನ ಒಂದು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೂತು ಯಂತ್ರದ ಭಾಗಗಳ ನಕ್ಷೆ ಬರೆದವನು. ನಿವೃತ್ತಿಯಾದ ಮೇಲೆ ಬೇರೆಯವರು ಪಾರ್ಕಿನಲ್ಲಿ ನಡೆಯುತ್ತಾರೆ, ಇಲ್ಲವೇ ಸೊಸೆಯರ ಮೇಲೆ ದೂರು ಹೇಳಿಕೊಂಡು ತಿರುಗುತ್ತಾರೆ. ನಾನು ಹಳೇ ಹಬೆ ಇಂಜಿನ್ನುಗಳ ಫೋಟೋ ಕೂಡಿಡುತ್ತೇನೆ. ಹಾಗೆಂದ ಕೂಡಲೇ ಎಲ್ಲರೂ ರೈಲು ಅಂದುಕೊಳ್ಳುತ್ತಾರೆ, ಅಲ್ಲೇ ನನಗೆ ಉರಿಯುತ್ತದೆ. ರೈಲಲ್ಲ ಸ್ವಾಮಿ, ಹೊಲದ ಇಂಜಿನ್ನು. ಡೀಸೆಲ್ ಟ್ರ್ಯಾಕ್ಟರು ಬರುವ ಮುಂಚೆ ದೊಡ್ಡ ಫಾರಂಗಳಲ್ಲಿ ಸೌದೆ, ಕಲ್ಲಿದ್ದಲು ಉರಿಸಿ ಹಬೆಯಿಂದ ಹೊಲ ಉಳುತ್ತಿದ್ದರು, ಗೋಧಿ ಒಕ್ಕುತ್ತಿದ್ದರು, ಕಬ್ಬು ಅರೆಯುತ್ತಿದ್ದರು. ಆ ಇಂಜಿನ್ನುಗಳೆಲ್ಲ ಗುಜರಿಗೆ ಹೋಗಿ ಕರಗಿಹೋದವು. ಉಳಿದದ್ದು ಫೋಟೋ ಮಾತ್ರ, ಅದೂ ದಿಲ್ಲಿಯ ದರಿಯಾಗಂಜಿನ ಫುಟ್‌ಪಾತಿನಲ್ಲಿ, ಭಾನುವಾರದ ಹಳೇ ಪುಸ್ತಕದ ಸಂತೆಯಲ್ಲಿ, ಯಾರದೋ ಮದುವೆ ಆಲ್ಬಮ್ಮಿನ ಅಡಿಯಲ್ಲಿ.

ಫೋಟೋ ಸಿಕ್ಕಿದರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಹಿಂಬದಿಯಲ್ಲಿ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಯಾವ ಕಂಪನಿ, ಯಾವ ಮಾದರಿ, ಎಲ್ಲವನ್ನೂ ಇಂಜಿನ್ನೇ ಬಾಯಿಬಿಡಬೇಕು. ಗಾಲಿಯ ಸ್ಪೋಕು ಎಣಿಸಬೇಕು. ಚಿಮಣಿಯ ಬಾಯಿ ಅಗಲವೋ ಕಿರಿದೋ, ಬಾಯ್ಲರಿನ ರಿವೆಟ್ಟು ಒಂದು ಸಾಲೋ ಎರಡು ಸಾಲೋ ನೋಡಬೇಕು. ಎಲ್ಲಕ್ಕಿಂತ ಮುಖ್ಯ ಫ್ಲೈವೀಲು, ಅಂದರೆ ಇಂಜಿನ್ನಿನ ಪಕ್ಕದಲ್ಲಿ ಗಿರಗಿರ ತಿರುಗುವ ದೊಡ್ಡ ಚಕ್ರ. ಬೆಲ್ಟು ಹಾಕಿ ಗಾಣ ತಿರುಗಿಸುವುದು ಅದರಿಂದಲೇ. ಅದನ್ನು ಕೆಲವು ಕಂಪನಿಯವರು ಡ್ರೈವರನ ಎಡಗೈ ಕಡೆ ಇಡುತ್ತಿದ್ದರು, ಕೆಲವರು ಬಲಗೈ ಕಡೆ. ನಾನು ಮೊದಲು ನೋಡುವುದೇ ಅದನ್ನು.

ಮನುಷ್ಯರನ್ನು ಮಾತ್ರ ನೋಡುತ್ತಿರಲಿಲ್ಲ. ಹಳೇ ಫೋಟೋ ಅಂದಮೇಲೆ ಇಂಜಿನ್ ಮುಂದೆ ಯಾರಾದರೂ ಎದೆಯುಬ್ಬಿಸಿ ನಿಂತೇ ಇರುತ್ತಾರೆ. ಅವರ ಮೀಸೆ, ಪೇಟ ನೋಡುತ್ತ ಕೂತರೆ ಕಣ್ಣು ದಾರಿ ತಪ್ಪುತ್ತದೆ. ಅದಕ್ಕೇ ಕಪ್ಪು ರಟ್ಟಿನ ತುಂಡುಗಳನ್ನು ಅಳತೆಗೆ ತಕ್ಕ ಹಾಗೆ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಫೋಟೋ ಮೇಜಿನ ಮೇಲೆ ಬಂತೋ, ಮೊದಲು ಮನುಷ್ಯರ ಮೇಲೆ ರಟ್ಟು, ಆಮೇಲೆ ಭೂತಗನ್ನಡಿ. ಈ ಕ್ರಮದಿಂದ ಒಂದು ಸಲವೂ ಸೋತವನಲ್ಲ ಅಂತ ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಅನಂತಮೂರ್ತಿಗಳು ನನಗೆ ಸಿಕ್ಕಿದ್ದು ಇದೇ ಸಂತೆಯಲ್ಲಿ, ಜಗಳದಲ್ಲಿ. ಒಂದೇ ಫೋಟೋಗೆ ಇಬ್ಬರೂ ಕೈ ಹಾಕಿದೆವು. ನಾನು ಹಿಂದಿಯಲ್ಲಿ ರೇಗಿದೆ, ಅವರು ಹಿಂದಿಯಲ್ಲಿ ಕ್ಷಮೆ ಕೇಳಿದರು. ಹೋಗಲಿ ಅಂತ ಬಿಡುವ ಜಾಯಮಾನ ನನ್ನದಲ್ಲ, ತಲೆ ತಿರುಗಿಸಿ ಕನ್ನಡದಲ್ಲಿ ಒಂದು ಬೈಗುಳ ಗೊಣಗಿದೆ. ಅವರು ಮೆಲ್ಲಗೆ, ನಮ್ಮಜ್ಜಿಯೂ ಹೀಗೇ ಬೈಯುತ್ತಿದ್ದರು, ಕೇಳಿ ಬಹಳ ದಿನ ಆಗಿತ್ತು ಅಂದರು. ಅವತ್ತಿನಿಂದ ಪ್ರತಿ ಭಾನುವಾರ ಜೊತೆ. ಅವರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು, ಮನೆ ಪೀತಮ್‌ಪುರದ ಡಿಡಿಎ ಫ್ಲ್ಯಾಟು. ಹೆಂಡತಿ ಜಲಜಾ, ಗುರಗಾಂವಿನ ಆಚೆ ಮಾನೇಸರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ಪ್ರಕೃತಿ. ಇರುವೆ ಕಂಡರೆ ದಾಟಿ ನಡೆಯುವ ಮನುಷ್ಯ.

ಇಂಜಿನ್ನಿನ ಗಂಧಗಾಳಿ ಇಲ್ಲದವರಿಗೆ ಈ ಹುಚ್ಚು ಯಾಕೆ ಅಂತ ಒಂದು ದಿನ ಟೀ ಕುಡಿಯುವಾಗ ಕೇಳಿದೆ. ಆಗ ಹೇಳಿದರು. ಅವರ ತಂದೆ ಸೂರ್ಯನಾರಾಯಣ, ಮಂಡ್ಯದ ಕಡೆ ಯಾರೋ ಸಾಹುಕಾರರ ಕಬ್ಬಿನ ಫಾರಮ್ಮಿನಲ್ಲಿ ಹಬೆ ಇಂಜಿನ್ ಓಡಿಸುತ್ತಿದ್ದರಂತೆ. ಪಂಚಾಂಗ ಹಿಡಿಯಬೇಕಾದ ಮನೆಯ ಹುಡುಗ ಮಸಿ ಮೆತ್ತಿಕೊಂಡು ಇಂಜಿನ್ ಹತ್ತಿದ ಅಂತ ಬಳಗದವರು ಮಾತು ಬಿಟ್ಟಿದ್ದರಂತೆ. ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಾಗ ಅನಂತಮೂರ್ತಿಗಳಿಗೆ ಒಂದೂವರೆ ವರ್ಷ. ಒಂದೂ ಫೋಟೋ ಇಲ್ಲ. ಅಪ್ಪ ಹೇಗಿದ್ದ ಅಂತ ಕೇಳಿದರೆ ತಾಯಿ ಶಾರದಮ್ಮ ಸಾಯುವ ತನಕ ಹೇಳುತ್ತಿದ್ದದ್ದು ಒಂದೇ ಸಂಗತಿ: ಇಂಜಿನ್ನಿನ ದೊಡ್ಡ ಚಕ್ರ ಅವರ ಎಡಗೈ ಕಡೆ ತಿರುಗುತ್ತಿತ್ತು, ಮಧ್ಯಾಹ್ನ ಬುತ್ತಿ ಒಯ್ದರೆ ಸೆರಗು ಸಿಕ್ಕಿಕೊಂಡೀತು, ಬಲಗಡೆಯಿಂದ ಬಾ ಅಂತ ದೂರದಿಂದಲೇ ಕೂಗುತ್ತಿದ್ದರು.

ಅರವತ್ತು ದಾಟಿದ ಮನುಷ್ಯನ ಹತ್ತಿರ ತಂದೆಯ ಆಸ್ತಿ ಅಂತ ಇದ್ದದ್ದು ಇಷ್ಟೇ. ಎಡಗಡೆ ಒಂದು ಚಕ್ರ. ಅದನ್ನು ಇಟ್ಟುಕೊಂಡು ಅವರು ದರಿಯಾಗಂಜಿನ ಕಸದ ರಾಶಿಯಲ್ಲಿ ಒಂದು ಮುಖ ಹುಡುಕುತ್ತಿದ್ದರು. ನನಗೆ ಪಾಪ ಅನ್ನಿಸಿತು, ಸಿಗುವುದಿಲ್ಲ ಅಂತಲೂ ಅನ್ನಿಸಿತು. ಅವರಿಗೆ ಇನ್ನೊಂದು ಟೀ ಹೇಳಿದೆ.

ಎರಡು ಸಾವಿರದ ನಾಲ್ಕನೇ ಇಸವಿ ಅಕ್ಟೋಬರಿನಲ್ಲಿ ಅದು ಸಿಕ್ಕಿತು. ನಾನು ಆಚೆ ಒಬ್ಬ ಭಯ್ಯಾನ ಜೊತೆ ವಾದಕ್ಕೆ ನಿಂತಿದ್ದೆ, ಪುಟ ಹರಿದ ಕ್ಯಾಟಲಾಗನ್ನು ಪೂರ್ತಿ ಇದೆ ಅಂತ ಮಾರಲು ಬಂದಿದ್ದ. ಅನಂತಮೂರ್ತಿಗಳು ಬಂದು ನನ್ನ ತೋಳು ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಒಂದು ಫೋಟೋ. ಯಾವುದೋ ಕಚೇರಿ ಖಾಲಿ ಮಾಡುವಾಗ ಹೊರಗೆ ಬಿದ್ದ ಫೋಟೋಗಳ ಕಟ್ಟಿನಲ್ಲಿ ಇದ್ದದ್ದಂತೆ. ಪುಸ್ತಕದಷ್ಟು ದೊಡ್ಡ ಫೋಟೋ, ಹಿಂಬದಿ ನೇರಳೆ ಮೊಹರಿನಲ್ಲಿ ಮೈಸೂರು ಅಂತ ಇಂಗ್ಲಿಷಿನಲ್ಲಿ ಇತ್ತು, ಕೆಳಗೆ 1938. ಮುಂದೆ ಒಂದು ಹೊಲದ ಇಂಜಿನ್ನು, ಪಕ್ಕದಲ್ಲಿ ಬರಿಮೈಯಲ್ಲಿ ನಿಂತ ಒಬ್ಬ ಯುವಕ. ಇದು ಅದೇ ಇಂಜಿನ್ನೇ ನೋಡಿ ಹೇಳಿ ಅಂದರು. ತಂದೆಯೇ ಅಂತ ಕೇಳಲಿಲ್ಲ. ಆ ಮಾತು ಬಾಯಿಗೆ ತರಲು ಹೆದರಿದ್ದರು ಅಂತ ಈಗ ತಿಳಿಯುತ್ತದೆ.

ನಾನು ಫೋಟೋವನ್ನು ಫರೀದಾಬಾದಿಗೆ ತಂದೆ. ಯುವಕನ ಮೇಲೆ ರಟ್ಟು ಇಟ್ಟೆ. ಮೂರು ದಿನ ಕೂತೆ. ಹೆಸರಿನ ತಗಡು ಬಿಸಿಲಿಗೆ ಬಿಳಿಚಿಕೊಂಡು ಅಕ್ಷರ ಒಂದೂ ಕಾಣುತ್ತಿರಲಿಲ್ಲ, ಆದರೆ ಫ್ಲೈವೀಲು ಚೆನ್ನಾಗಿ ಕಾಣುತ್ತಿತ್ತು. ಡ್ರೈವರನ ಬಲಗೈ ಕಡೆ. ಅನುಮಾನಕ್ಕೆ ಎಡೆಯೇ ಇಲ್ಲ, ಬಲಗಡೆ. ಹಾಗೆ ಬಲಗಡೆ ಇಡುವ ಒಂದು ಕಂಪನಿಯ ಕ್ಯಾಟಲಾಗು ನನ್ನ ಹತ್ತಿರ ಇತ್ತು, ಸ್ಪೋಕು, ಚಿಮಣಿ ಸುಮಾರಾಗಿ ಹೊಂದಿದವು. ಸ್ಟೀರಿಂಗ್ ಚಕ್ರ ಮಾತ್ರ ಅವರು ಇಡುವ ಕಡೆ ಇರಲಿಲ್ಲ. ಯಾವನೋ ಲೋಕಲ್ ಮಿಸ್ತ್ರಿ ಕಿತ್ತು ಆಚೆಕಡೆ ಕೂರಿಸಿದ್ದಾನೆ ಅಂತ ಬರೆದುಕೊಂಡೆ. ಎಪ್ಪತ್ತು ವರ್ಷದ ಹಿಂದಿನ ಮಿಸ್ತ್ರಿ ಎದ್ದು ಬಂದು ಇಲ್ಲ ಅನ್ನುತ್ತಾನೆಯೇ. ತಿಳಿಯದ್ದನ್ನು ಮಿಸ್ತ್ರಿಯ ತಲೆಗೆ ಕಟ್ಟುವುದು ನಕ್ಷೆ ಬರೆಯುವವರ ಹಳೇ ಚಾಳಿ, ಕಾರ್ಖಾನೆಯಲ್ಲೂ ಅದನ್ನೇ ಮಾಡಿದ್ದೇನೆ.

ನಾಲ್ಕನೇ ದಿನ ಶಟಲ್ ರೈಲು ಹಿಡಿದು, ಕಾಶ್ಮೀರಿ ಗೇಟಿನಲ್ಲಿ ಮೆಟ್ರೋ ಹತ್ತಿ ಪೀತಮ್‌ಪುರಕ್ಕೆ ಹೋದೆ. ಬಾಗಿಲು ತೆಗೆದ ಕೂಡಲೇ ಎದುರು ಗೋಡೆ ಕಂಡಿತು. ಶಾರದಮ್ಮನವರ ಫೋಟೋವನ್ನು ಮಧ್ಯದಿಂದ ಒಂದು ಪಕ್ಕಕ್ಕೆ ಸರಿಸಿದ್ದರು, ಇನ್ನೊಂದು ಪಕ್ಕ ಖಾಲಿ ಬಿಟ್ಟಿದ್ದರು. ಪ್ರಕೃತಿ ಗುರಗಾಂವಿನಿಂದ ಫ್ರೇಮು ತಂದು ಟೀಪಾಯಿಯ ಮೇಲೆ ಇಟ್ಟಿದ್ದಳು. ಅದನ್ನು ನೋಡಿದ ಮೇಲಾದರೂ ಮನುಷ್ಯನಾದವನು ಸ್ವಲ್ಪ ಸುತ್ತಿ ಬಳಸಿ ಹೇಳಬೇಕಿತ್ತು. ನನಗೆ ತದ್ವಿರುದ್ಧವಾಗಿ ಸಿಟ್ಟು ಬಂತು. ನಾನು ಹೇಳುವ ಮುಂಚೆಯೇ ತೀರ್ಮಾನ ಮಾಡಿಕೊಂಡಿದ್ದಾರಲ್ಲ ಅಂತ.

"ಇದಲ್ಲ," ಅಂದೆ, ಚಪ್ಪಲಿಯನ್ನೂ ಬಿಡದೆ. "ಚಕ್ರ ಬಲಗಡೆ ಇದೆ. ನಿಮ್ಮ ತಾಯಿ ಎಡಗಡೆ ಅಂದಿದ್ದರು. ಇದು ಬೇರೆ ಕಂಪನಿ, ಬೇರೆ ಇಂಜಿನ್ನು. ಪಕ್ಕದಲ್ಲಿರುವವನು ಯಾರೋ ಏನೋ."

ಅನಂತಮೂರ್ತಿಗಳು ಅಚ್ಛಾ ಅಂದರು. ಇನ್ನೊಂದು ಸಲ ಅಚ್ಛಾ ಅಂದರು. ಜಲಜಾ ಒಳಗಿನಿಂದ ಕಾಫಿ ತಂದವರು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಬೇರೆ ಯಾರದೋ ತಂದೆ ನನ್ನ ಮನೆಯಲ್ಲಿ ಯಾಕೆ, ಫೋಟೋ ನಿಮ್ಮ ಸಂಗ್ರಹಕ್ಕೆ ಇಟ್ಟುಕೊಳ್ಳಿ ಅಂತ ಅನಂತಮೂರ್ತಿಗಳು ಕೊಡಲು ಬಂದರು. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಫೋಟೋ ಲಪಟಾಯಿಸುವುದಕ್ಕೆ ನಾನು ಹೀಗೆ ಹೇಳಿದೆ ಅಂದುಕೊಂಡಿರೇನು ಅಂತ ಕೂಗಾಡಿ, ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದು ಬಂದೆ.

ಮಾರನೆಯ ದಿನ ಪ್ರಕೃತಿ ಫೋನ್ ಮಾಡಿದಳು. ದಿಲ್ಲಿಯಲ್ಲಿ ಹುಟ್ಟಿದ ಹುಡುಗಿ, ಕನ್ನಡದಲ್ಲಿ ಶುರು ಮಾಡಿದ ಮಾತು ಹಿಂದಿಯಲ್ಲಿ ಮುಗಿಯುತ್ತದೆ. "ಅಂಕಲ್, ಸತ್ಯ ಹೇಳಿದ್ದು ಸರಿ. ಲೇಕಿನ್ ಥೋಡಾ ಪ್ಯಾರ್ ಸೇ ನಹೀಂ ಬೋಲ್ ಸಕ್ತೇ ಥೇ?" ಅಂದಳು. ಸ್ವಲ್ಪ ಪ್ರೀತಿಯಿಂದ ಹೇಳಲು ಆಗುತ್ತಿರಲಿಲ್ಲವೇ ಅಂತ. ಸುಶೀಲಾ ಬೇರೆ ಹಿಂದೆ ನಿಂತು, ಹೌದು ಅಂತ ಒಂದು ಮಾತು ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಂದಳು. ಇಂಜಿನ್ನಿನ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ ಅಂತ ಅವಳ ಮೇಲೆ ಹಾರಾಡಿದೆ.

ಆಮೇಲೆ ಅನಂತಮೂರ್ತಿಗಳು ಸಂತೆಗೆ ಬರುವುದು ನಿಂತಿತು. ಒಂದು ಭಾನುವಾರ ಮಂಡಿನೋವು, ಇನ್ನೊಂದು ಭಾನುವಾರ ನೆಂಟರು. ಮೂರನೇ ಭಾನುವಾರ ನಾನೇ ಫೋನ್ ಮಾಡಲಿಲ್ಲ. ಬಾರದಿದ್ದರೆ ಅಷ್ಟೇ ಹೋಯಿತು ಅಂದುಕೊಂಡೆ. ಆದರೆ ಸುಳ್ಳು ಯಾಕೆ ಹೇಳಲಿ, ಒಬ್ಬನೇ ಫುಟ್‌ಪಾತಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಫೋಟೋ ಮಗುಚುವಾಗ ಬೇಜಾರಾಗುತ್ತಿತ್ತು. ಒಳ್ಳೆಯದೊಂದು ಸಿಕ್ಕಿದರೆ ಪಕ್ಕಕ್ಕೆ ತಿರುಗಿ ತೋರಿಸಲು ಹೋಗುತ್ತಿದ್ದೆ, ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಜಲಜಾ ಫೋನ್ ಮಾಡಿದರು. ಮಾವನವರ ತಿಥಿ ಗುರುವಾರ, ಎಂದಿನಂತೆ ನೀವು ಬರಬೇಕು ಅಂದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶ್ರಾದ್ಧ ಅಂದಮೇಲೆ ಇಬ್ಬರು ಬ್ರಾಹ್ಮಣರನ್ನು ಕೂರಿಸಬೇಕು. ಒಬ್ಬರು ದೇವತೆಗಳ ಸ್ಥಾನಕ್ಕೆ, ಇನ್ನೊಬ್ಬರು ಪಿತೃಸ್ಥಾನಕ್ಕೆ, ಅಂದರೆ ತೀರಿಕೊಂಡವರ ಜಾಗಕ್ಕೆ. ದಿಲ್ಲಿಯಲ್ಲಿ ಕೆಲಸದ ದಿನ ಮಧ್ಯಾಹ್ನದ ತನಕ ಹಸಿದುಕೊಂಡು ಕೂರುವ ಕನ್ನಡದ ಬ್ರಾಹ್ಮಣರನ್ನು ಎಲ್ಲಿಂದ ತರುವುದು? ಹಾಗಾಗಿ ಆರು ವರ್ಷದಿಂದ ಅವರ ಮನೆಯ ಪಿತೃಸ್ಥಾನಕ್ಕೆ ನಾನೇ ಗತಿ. ನನ್ನ ಜನಿವಾರ ಕಾರ್ಖಾನೆಗೆ ಸೇರಿದ ವರ್ಷವೇ, ಲೇಥಿಗೆ ಸಿಕ್ಕೀತು ಅಂತ ತೆಗೆದಿಟ್ಟದ್ದು. ಜಲಜಾ ಅದನ್ನು ಎತ್ತಿ ಆಡಿದವರಲ್ಲ. ಪ್ರತಿ ವರ್ಷ ತಟ್ಟೆಯಲ್ಲಿ ಒಂದು ಹೊಸ ಜನಿವಾರ ಸುಮ್ಮನೆ ಇಟ್ಟಿರುತ್ತಾರೆ, ನಾನು ಸುಮ್ಮನೆ ಹಾಕಿಕೊಳ್ಳುತ್ತೇನೆ.

ಹೋಗುವುದೋ ಬೇಡವೋ ಅಂತ ಎರಡು ದಿನ ಹೊಯ್ದಾಡಿದೆ. ಕೊನೆಗೆ ಹೋದೆ. ಗುರುವಾರ ಬೆಳಿಗ್ಗೆ ಮಂಜು ಕವಿದು ರೈಲು ತೆವಳುತ್ತ ಬಂತು. ಕರೋಲ್ ಬಾಗಿನ ಪುರೋಹಿತರು ಆಗಲೇ ಬಂದು ಗಡಿಯಾರ ನೋಡುತ್ತಿದ್ದರು. ಇನ್ನೊಬ್ಬ ಬ್ರಾಹ್ಮಣ ರೋಹಿಣಿಯ ಬ್ಯಾಂಕಿನ ಚಂದ್ರಕಾಂತ, ಅರ್ಧ ದಿನದ ರಜೆ ಹಾಕಿ ಬಂದವರು. ಅನಂತಮೂರ್ತಿಗಳು ನನ್ನನ್ನು ನೋಡಿ ಬನ್ನಿ ಅಂದರು. ಮುಖದಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೊದಲು ಪಾದ ತೊಳೆಯುವುದು. ಇವರೇ ನಿಮ್ಮ ತಂದೆ ಅಂತ ಭಾವಿಸಿಕೊಂಡು ತೊಳೆಯಿರಿ ಅಂತ ಪುರೋಹಿತರು ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದರು. ಅನಂತಮೂರ್ತಿಗಳು ನೋಯುವ ಮಂಡಿಯನ್ನು ಊರಿ ಕೂತು, ಬಿಸಿನೀರು ಬೆರೆಸಿದ ತಂಬಿಗೆಯಿಂದ ನನ್ನ ಪಾದ ತೊಳೆದರು. ಥಂಡಿ ಆದೀತು ಅಂತ ನೀರನ್ನು ಕೈಯಲ್ಲಿ ಮುಟ್ಟಿ ನೋಡಿ ತೊಳೆದರು. ಎರಡು ತಿಂಗಳ ಹಿಂದೆ ಚಪ್ಪಲಿ ಕಾಲಿನಲ್ಲಿ ನಿಂತು ಇದಲ್ಲ ಅಂದವನ ಕಾಲು ಅದು. ನನಗೆ ಅಲ್ಲೇ ಎದ್ದು ಓಡಿಹೋಗಬೇಕು ಅನ್ನಿಸಿತು.

ಒಳಗೆ ಮಣೆಯ ಮೇಲೆ ಕೂತೆ. ಚಿಕ್ಕ ಕೋಣೆ, ಎದುರಿನ ಗೂಡು ನಾಲ್ಕು ಅಡಿ ದೂರ ಇರಬಹುದು. ಅದರಲ್ಲಿ ಆ ಫೋಟೋ ಇತ್ತು. ಬೀರುವಿಗೆ ಸೇರಿದ್ದನ್ನು ಜಲಜಾ ಅವತ್ತು ಬೆಳಿಗ್ಗೆ ತೆಗೆದು, ಒರೆಸಿ, ಮೇಲೆ ಒಂದು ದಳ ತುಳಸಿ ಇಟ್ಟಿದ್ದರು. ಅನಂತಮೂರ್ತಿಗಳು ಬೇಡ ಅಂದರಂತೆ. ಯಾರಾದರೇನು, ಮನೆಗೆ ಬಂದವರು, ಇವತ್ತೊಂದು ದಿನ ತುಳಸಿ ಕಾಣಲಿ ಅಂತ ಇವರು ಇಟ್ಟೇ ಇಟ್ಟರಂತೆ. ಆಮೇಲೆ ತಿಳಿದ ಮಾತು ಇದು. ಅವಾಗ ನನಗೆ, ನನ್ನನ್ನು ಚುಚ್ಚುವುದಕ್ಕೇ ಇಟ್ಟಿದ್ದಾರೆ ಅನ್ನಿಸಿತ್ತು.

ಒಮ್ಮೆ ಕೂತಮೇಲೆ ಪಿತೃಸ್ಥಾನದವನು ಏಳುವಂತಿಲ್ಲ, ಮಾತಾಡುವಂತಿಲ್ಲ. ಭೂತಗನ್ನಡಿ ಇಲ್ಲ, ರಟ್ಟಿನ ಡಬ್ಬಿ ಇಲ್ಲ. ಹಾಗಾಗಿ ಆ ಫೋಟೋದಲ್ಲಿದ್ದ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ ಮೊದಲು. ಇಪ್ಪತ್ತೈದು ಇಪ್ಪತ್ತಾರು ವರ್ಷ ಇರಬೇಕು. ಸಣಕಲ ಮೈ, ಮಸಿ ಹತ್ತಿದ ಪಂಚೆ, ಕೈಯಲ್ಲಿ ಎಣ್ಣೆ ಕ್ಯಾನು. ಕಪ್ಪು ಮೈಮೇಲೆ ಜನಿವಾರ ಬಿಳಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಇಂಜಿನ್ ಓಡಿಸುವ ಬ್ರಾಹ್ಮಣ ಇನ್ನೊಬ್ಬನೂ ಇದ್ದನೇ ಅಂತ ಒಂದು ಕ್ಷಣ ಅನ್ನಿಸಿತು, ಅಷ್ಟಕ್ಕೇ ಬಿಟ್ಟೆ.

ಪುರೋಹಿತರು ಅಪಸವ್ಯ ಅಂದರು. ಅನಂತಮೂರ್ತಿಗಳು ಜನಿವಾರವನ್ನು ಎಡಭುಜದಿಂದ ತೆಗೆದು ಬಲಭುಜಕ್ಕೆ ಹಾಕಿಕೊಂಡರು. ಪಿತೃಗಳಿಗೆ ಎಳ್ಳು ನೀರು ಬಿಡುವಾಗ ಮಾತ್ರ ಹಾಗೆ, ಉಳಿದ ಹೊತ್ತಿನಲ್ಲಿ ಎಂದೂ ಎಡಭುಜದ ಮೇಲೆಯೇ. ಅವರು ಎಳ್ಳು ಬಿಟ್ಟರು. ಅವರ ಹೆಗಲ ಆಚೆ ಗೂಡಿನಲ್ಲಿ ಆ ಯುವಕ. ಅವನ ಜನಿವಾರವೂ ಬಲಭುಜದ ಮೇಲೆ. ಇಬ್ಬರೂ ಒಂದೇ ತರ್ಪಣಕ್ಕೆ ನಿಂತ ಹಾಗಿತ್ತು. ಪುರೋಹಿತರು ಸವ್ಯ ಅಂದರು. ಅನಂತಮೂರ್ತಿಗಳ ಜನಿವಾರ ಎಡಕ್ಕೆ ಬಂತು. ಯುವಕನದು ಅಲ್ಲೇ ಇತ್ತು. ಮತ್ತೆ ಅಪಸವ್ಯ, ಮತ್ತೆ ಸವ್ಯ. ವರ್ಷಕ್ಕೊಮ್ಮೆ ಹಾಕಿಕೊಳ್ಳುವ ಹೊಸ ದಾರ ನನ್ನ ಎಡಭುಜದ ಮೇಲೆ ಕಚಗುಳಿ ಇಡುತ್ತಲೇ ಇತ್ತು.

ಮೂರನೇ ಸಲ ಸವ್ಯ ಅಂದಾಗ ನನ್ನ ಕಣ್ಣು ಯುವಕನ ಜನಿವಾರದ ಮೇಲೇ ನಿಂತಿತು. ಎಣ್ಣೆ ಕ್ಯಾನು ಹಿಡಿದು ಇಂಜಿನ್ ಪಕ್ಕ ನಿಂತು ಯಾರಾದರೂ ತರ್ಪಣ ಬಿಡುತ್ತಾರೆಯೇ? ಕ್ಯಾನು ನೋಡಿದೆ, ಎಡಗೈಯಲ್ಲಿತ್ತು. ಜನಿವಾರ ತಪ್ಪು ಕಡೆ, ಕೈ ತಪ್ಪು ಕಡೆ, ಆ ದರಿದ್ರ ಸ್ಟೀರಿಂಗ್ ಚಕ್ರ ತಪ್ಪು ಕಡೆ. ಯಾವ ಮಿಸ್ತ್ರಿಯೂ ಏನೂ ಕಿತ್ತಿರಲಿಲ್ಲ. ಹಿಂದಿನ ಕಾಲದ ಫೋಟೋಗೆ ಗಾಜಿನ ನೆಗೆಟಿವ್. ಪ್ರಿಂಟು ಹಾಕುವವನು ಗಾಜನ್ನು ಮಗುಚಿ ಇಟ್ಟಿದ್ದ. ಇಡೀ ಫೋಟೋ ಉಲ್ಟಾ, ಕನ್ನಡಿಯಲ್ಲಿ ಕಂಡ ಹಾಗೆ. ಹಾಗಾದರೆ ಚಕ್ರ ಎಡಗಡೆ. ಶಾರದಮ್ಮ ಹೇಳಿದ ಕಡೆ.

ರಟ್ಟು ಇಡದೆ ಒಂದೇ ಒಂದು ಸಲ ಆ ಮನುಷ್ಯನನ್ನು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಚಿಕ್ಕ ಮಕ್ಕಳಿಗೂ ತಿಳಿಯುವ ಸಂಗತಿ. ನಾನೇ ರಟ್ಟು ಕತ್ತರಿಸಿ ಅವನ ಮೇಲೆ ಇಟ್ಟು, ನಾನೇ ಹೋಗಿ ಯಾರೋ ಏನೋ ಅಂದು ಬಂದೆ. ಅರವತ್ತೇಳು ವರ್ಷ ಕಾದವನ ಕೈಯಿಂದ ಅಪ್ಪನನ್ನು ಕಿತ್ತುಕೊಂಡೆ. ಈಗ ಅದೇ ಅಪ್ಪನ ಮಣೆಯ ಮೇಲೆ ಕೂತಿದ್ದೆ. 

ಕೂಗಿ ಹೇಳಿಬಿಡಲೇ ಅಂದುಕೊಂಡೆ. ಹೇಳಿದರೆ ಕರ್ಮ ಕೆಟ್ಟಿತು ಅಂತ ಪುರೋಹಿತರು ಎದ್ದು ನಿಲ್ಲುತ್ತಾರೆ. ಅಲ್ಲದೆ ಇನ್ನೊಂದು ಸಲ ತಪ್ಪಿದರೆ? ಎಲೆ ಹಾಕಿದರು. ಐಎನ್ಎ ಮಾರ್ಕೆಟ್ಟಿನಿಂದ ತಂದ ಬಾಳೆ ಎಲೆ, ವಡೆ, ಎಳ್ಳುಂಡೆ, ಗಸಗಸೆ ಪಾಯಸ. ಜಲಜಾ ಬಡಿಸಿದರು, ಅನಂತಮೂರ್ತಿಗಳು ಪಕ್ಕದಲ್ಲಿ ಕೈಕಟ್ಟಿ ನಿಂತರು. ನಿಧಾನವಾಗಿ ಆಗಲಿ, ಏನು ಬೇಕು ಸನ್ನೆ ಮಾಡಿ ಅಂತ ಅಂಗಲಾಚುತ್ತಿದ್ದರು. ನನಗಲ್ಲ, ನನ್ನೊಳಗೆ ಬಂದಿರಬಹುದಾದ ಅವರ ತಂದೆಗೆ. ವಡೆಯನ್ನು ನೀರು ಕುಡಿದು ಇಳಿಸಿದೆ. ಕಣ್ಣು ಎತ್ತಿದರೆ ಗೂಡು, ಇಳಿಸಿದರೆ ಎಲೆ. ಎಲ್ಲವನ್ನೂ ಇನ್ನೊಮ್ಮೆ ಮನಸ್ಸಿನಲ್ಲೇ ಎಡಬಲ ಮಾಡಿ ನೋಡಿದೆ. ಚಕ್ರ ಎಡಗಡೆ ಇಡುವ ಇನ್ನೊಂದು ಕಂಪನಿ ಇತ್ತು, ಅದರ ಸ್ಟೀರಿಂಗು ಸರಿಯಾಗಿ ಈ ಕಡೆಗೇ ಬರುತ್ತದೆ. ಸ್ಪೋಕು ಸುಮಾರಾಗಿ ಅಲ್ಲ, ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಪಾಯಸದ ಹೊತ್ತಿಗೆ ನನಗೆ ಅನುಮಾನ ಉಳಿದಿರಲಿಲ್ಲ.

ಊಟ ಮುಗಿಯುವಾಗ ಶ್ರಾದ್ಧ ಮಾಡುವ ಕರ್ತೃ ಒಂದು ಪ್ರಶ್ನೆ ಕೇಳಬೇಕು. ತೃಪ್ತಿಯಾಯಿತೇ ಅಂತ. ಕೂತವನು ತೃಪ್ತೋಸ್ಮಿ ಅನ್ನಬೇಕು. ಅಂದರೆ ಪಿತೃಗಳು ಉಂಡು ಸಂತೋಷಪಟ್ಟರು ಅಂತ ಲೆಕ್ಕ. ಆರು ವರ್ಷ ಅಂದಿದ್ದೆ, ಕೊನೆಯ ತುತ್ತು ಬಾಯಲ್ಲಿ ಇಟ್ಟುಕೊಂಡೇ ಅಂದಿದ್ದೆ. ಅನಂತಮೂರ್ತಿಗಳು ಎದುರು ಬಂದು ಬಗ್ಗಿ ಕೈಜೋಡಿಸಿದರು.

"ತೃಪ್ತಿಯಾಯಿತೇ?"

"ಇಲ್ಲ," ಅಂದೆ.

ಚಂದ್ರಕಾಂತರ ಕೈ ಎಲೆಯ ಮೇಲೆಯೇ ನಿಂತಿತು. ಪುರೋಹಿತರು, ರೀ, ಇದೇನು ಹುಡುಗಾಟ, ನನಗೆ ಎರಡು ಗಂಟೆಗೆ ನೋಯ್ಡಾದಲ್ಲಿ ಇನ್ನೊಂದು ಮನೆ ಇದೆ ಅಂತ ಶುರು ಮಾಡಿದರು. ಅನಂತಮೂರ್ತಿಗಳು ಮಾತ್ರ ಬೆಪ್ಪಾಗಿ, ಏನು ಕಡಿಮೆಯಾಯಿತು ಅಂತ ನನ್ನ ಎಲೆ ನೋಡಿದರು. ಬಡಿಸಿದ್ದರಲ್ಲಿ ತಪ್ಪಾಗಿದೆ ಅಂದುಕೊಂಡಿದ್ದರು ಪುಣ್ಯಾತ್ಮ.

ಎಲೆಯ ಮುಂದೆ ಕೂತುಕೊಂಡೇ ಹೇಳಿದೆ. ಆ ಫೋಟೋ ಉಲ್ಟಾ ಇದೆ, ಒಂದು ಕನ್ನಡಿ ತನ್ನಿ ಅಂದೆ. ಜಲಜಾ ಒಂದು ಮಾತೂ ಕೇಳದೆ ಒಳಗೆ ಹೋಗಿ, ತಲೆ ಬಾಚುವ ಕೈಗನ್ನಡಿ ತಂದರು. ಗೂಡಿನ ಫೋಟೋಗೆ ಎದುರಾಗಿ ಹಿಡಿಯಲು ಹೇಳಿದೆ. ಕನ್ನಡಿಯಲ್ಲಿ ಯುವಕನ ಜನಿವಾರ ಎಡಭುಜಕ್ಕೆ ಬಂತು. ಎಣ್ಣೆ ಕ್ಯಾನು ಬಲಗೈಗೆ ಬಂತು. ಚಕ್ರ ಎಡಗಡೆಗೆ ಬಂತು. ಎಂಜಲು ಕೈ ಚಾಚಿ ಒಂದೊಂದನ್ನೇ ತೋರಿಸಿದೆ, ಜನಿವಾರ ಹೇಗೆ ನನ್ನ ಕಣ್ಣು ತೆರೆಸಿತು ಅಂತಲೂ ಹೇಳಿದೆ.

ಜಲಜಾ ಮೆಲ್ಲಗೆ, ಜನಿವಾರ ಆ ಕಡೆ ಇದ್ದದ್ದು ನಾನು ಅವತ್ತೇ ನೋಡಿದ್ದೆ ಅಂದರು. ಫೋಟೋ ತೆಗೆದ ದಿನ ಅವರ ಮನೆಯಲ್ಲೂ ಯಾರದೋ ತಿಥಿ ಇತ್ತೇನೋ, ಪಾಪ ರಜೆ ಸಿಗದೆ ಕೆಲಸಕ್ಕೆ ಬಂದಿದ್ದಾರೆ ಅಂದುಕೊಂಡರಂತೆ. ಯಾಕೆ ಹೇಳಲಿಲ್ಲ ಅಂದೆ. ನೀವು ಕೇಳಿದ್ದು ಇಂಜಿನ್ನಿನ ವಿಷಯ ತಾನೆ, ನನ್ನನ್ನು ಯಾರು ಕೇಳಿದರು ಅಂದರು. 

ಪುರೋಹಿತರೂ ಕನ್ನಡಿಯ ಕಡೆ ಬಗ್ಗಿದ್ದರು. ನಾನು ಅನಂತಮೂರ್ತಿಗಳಿಗೆ ಹೇಳಿದೆ.

"ನಾನು ಇಂಜಿನ್ ಗುರುತಿಸುವವನು. ಅದು ನಿಮ್ಮ ತಾಯಿ ಹೇಳಿದ ಇಂಜಿನ್ನೇ, ಅದರಲ್ಲಿ ಸಂಶಯ ಇಲ್ಲ. ಮನುಷ್ಯರನ್ನು ಗುರುತಿಸುವುದು ನನಗೆ ಬರುವುದಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು. ಆದರೆ ಮೈಸೂರು ಸೀಮೆಯಲ್ಲಿ ಆ ಇಸವಿಯಲ್ಲಿ, ಎಡಗಡೆ ಚಕ್ರದ ಇಂಜಿನ್ ಪಕ್ಕ ಜನಿವಾರ ಹಾಕಿಕೊಂಡು ನಿಂತವರು ಎಷ್ಟು ಜನ ಇದ್ದಾರು? ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ."

ಅವರು ನನ್ನ ಕಡೆ ನೋಡಲೇ ಇಲ್ಲ. ಜಲಜಾ ಹಿಡಿದ ಕನ್ನಡಿಯ ಹತ್ತಿರ ಹೋದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕನ್ನಡಿಯೊಳಗಿನ ಹುಡುಗನಿಗೆ ಇಪ್ಪತ್ತಾರು ವರ್ಷ, ನೋಡುತ್ತಿದ್ದ ಮಗನಿಗೆ ಅರವತ್ತೇಳು. ಬಹಳ ಹೊತ್ತು ನೋಡಿದರು. "ಇಷ್ಟು ಚಿಕ್ಕವರು," ಅಂದರು. "ಪ್ರಕೃತಿಗಿಂತಲೂ ಚಿಕ್ಕವರು."  ತಂದೆಯ ಹಣೆಯ ಮೇಲೆ ಕೈ ಇಟ್ಟು ಜ್ವರ ನೋಡುವವರ ಹಾಗೆ ಕನ್ನಡಿಯನ್ನು ಬೆರಳಿನಿಂದ ಮುಟ್ಟಿದರು.

ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ನನಗೆ ಬೆನ್ನು ಹಾಕಿ, ಕನ್ನಡಿಗೆ ಕೈಜೋಡಿಸಿದರು.

"ಅಪ್ಪಾ, ತೃಪ್ತಿಯಾಯಿತೇ?"

ಹೇಳಿ ಅನ್ನುವ ಹಾಗೆ ಪುರೋಹಿತರು ನನಗೆ ಸನ್ನೆ ಮಾಡಿದರು, ಉತ್ತರ ಕೊಡಬೇಕಾದ ಮಣೆಯ ಮೇಲೆ ಕೂತವನು ನಾನು. ನಾನು ತಲೆ ಅಲ್ಲಾಡಿಸಿದೆ. ಕೇಳಿದ್ದು ನನ್ನನ್ನಲ್ಲ.